ಎಕೋದಲ್ಲಿ ಕಾರ್ಡಿಯಾಕ್ ಔಟ್‌ಪುಟ್ ಅಳೆಯುವುದು: ಐಸಿಯು ಹಾಸಿಗೆ ಪಕ್ಕಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ರೋಗಿ ಒಬ್ಬರೇ, ಹೊತ್ತೂ ಒಂದೇ. ಒಬ್ಬ ಡ್ಯೂಟಿ ಡಾಕ್ಟರ್ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ಕಾರ್ಡಿಯಾಕ್ ಔಟ್‌ಪುಟ್, ಅಂದರೆ ಹೃದಯ ಹೊರಹಾಕುವ ರಕ್ತ, ನಿಮಿಷಕ್ಕೆ 3.9 ಲೀಟರ್ ಎಂದು ಬರೆಯುತ್ತಾರೆ. ಇನ್ನೊಬ್ಬರು 5.3 ಲೀಟರ್ ಎಂದು ಬರೆಯುತ್ತಾರೆ. ಇಬ್ಬರಿಗೂ ಸಿಕ್ಕಿದ ಡಾಪ್ಲರ್ (ರಕ್ತದ ವೇಗ ಅಳೆಯುವ ವಿಧಾನ) ಅಲೆ ಒಂದೇ, 17 ಸೆಂ.ಮೀ. ಹೃದಯದ ಬಡಿತವೂ ಒಂದೇ, 90. ಬೇರೆಯಾಗಿದ್ದು ಒಂದೇ ಒಂದು ಗೆರೆ, ಹೃದಯದಿಂದ ರಕ್ತ ಹೊರಡುವ ದಾರಿಯ ಅಗಲ ಅಳೆಯುವ ಗೆರೆ. ಮೊದಲನೆಯವರು ಅದನ್ನು 1.8 ಸೆಂ.ಮೀ. ಎಳೆದರು, ಎರಡನೆಯವರು 2.1 ಎಳೆದರು. ಬರೀ ಮೂರು ಮಿಲಿಮೀಟರ್. ಆದರೆ ಅದನ್ನು ನಂಬಿ ಒಬ್ಬರು ಡೋಬುಟಮಿನ್ (ಹೃದಯಕ್ಕೆ ಜೋರು ಕೊಡುವ ಔಷಧಿ) ಶುರು ಮಾಡಬಹುದು, ಇನ್ನೊಬ್ಬರು ಸುಮ್ಮನಿರಬಹುದು.

ಈ ಅಳತೆಯಲ್ಲಿ ಜನ ಎಡವುವುದು ಹೆಚ್ಚಾಗಿ ಅದೇ ನಾಲ್ಕೈದು ಜಾಗಗಳಲ್ಲಿ. ಲೆಕ್ಕ ಸುಲಭ, ಅದನ್ನು ಯಂತ್ರವೇ ಮಾಡುತ್ತದೆ. ಕಷ್ಟ ಇರುವುದು ಚಿತ್ರ ಹಿಡಿಯುವುದರಲ್ಲಿ ಮತ್ತು ಗೆರೆ ಎಳೆಯುವುದರಲ್ಲಿ. ಪಿಜಿ ವೈದ್ಯರು, ಎಕೋ ಟೆಕ್ನಿಷಿಯನ್‌ಗಳು, ಐಸಿಯು ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹಂತ ಹಂತವಾಗಿ ಬರೆದಿದ್ದೇನೆ. ಮೊದಲ ಕೆಲವು ರೋಗಿಗಳನ್ನು ಅನುಭವ ಇರುವವರ ಜೊತೆ ನಿಂತೇ ಮಾಡಿ. ಓದಿದ್ದಷ್ಟೇ ಕೈಗೆ ಬರುವುದಿಲ್ಲ.

## ಶುರು ಮಾಡುವ ಮುಂಚೆ: ನಾವು ಅಳೆಯುವುದು ಏನನ್ನು?

ಎಡ ಹೃದಯದಿಂದ ರಕ್ತ ಹೊರಗೆ ಹೋಗುವ ದಾರಿಗೆ ಎಲ್‌ವಿಒಟಿ ಎನ್ನುತ್ತಾರೆ. ಅಯೋರ್ಟಿಕ್ ಕವಾಟದ ಸ್ವಲ್ಪ ಕೆಳಗಿರುವ ಕಿರು ಕೊಳವೆ ಅದು. ನೀರಿನ ಪೈಪಿನಂತೆ ಯೋಚಿಸಿ. ಪೈಪಿನ ಬಾಯಿ ಎಷ್ಟು ಅಗಲ, ಒಂದು ಸಲಕ್ಕೆ ನೀರು ಎಷ್ಟು ಉದ್ದ ಮುಂದೆ ಹೋಯಿತು, ಇವೆರಡು ಗೊತ್ತಾದರೆ ಎಷ್ಟು ನೀರು ಹೋಯಿತು ಎಂದು ಹೇಳಬಹುದು, ಅಲ್ವಾ? ಇಲ್ಲಿ ಬಾಯಿಯ ಅಗಲ ಎಲ್‌ವಿಒಟಿ ವ್ಯಾಸದಿಂದ ಸಿಗುತ್ತದೆ. ಒಂದು ಬಡಿತಕ್ಕೆ ರಕ್ತ ಸಾಗಿದ ಉದ್ದವನ್ನು ಡಾಪ್ಲರ್ ಹೇಳುತ್ತದೆ. ಆ ಉದ್ದಕ್ಕೆ ವಿಟಿಐ ಎಂದು ಹೆಸರು, ಅದರ ಅಳತೆ ಸೆಂಟಿಮೀಟರ್.

ಲೆಕ್ಕ ಇಷ್ಟೇ:

ಎಲ್‌ವಿಒಟಿ ವಿಸ್ತೀರ್ಣ = 0.785 × ವ್ಯಾಸ × ವ್ಯಾಸ

ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ಹೊರಗೆ ಹೋಗುವ ರಕ್ತ) = ವಿಸ್ತೀರ್ಣ × ವಿಟಿಐ

ಕಾರ್ಡಿಯಾಕ್ ಔಟ್‌ಪುಟ್ = ಸ್ಟ್ರೋಕ್ ವಾಲ್ಯೂಮ್ × ಹೃದಯ ಬಡಿತ

ವ್ಯಾಸವನ್ನು ಅದರಿಂದಲೇ ಗುಣಿಸುತ್ತೇವೆ. ಹಾಗಾಗಿ ಅಲ್ಲಿ ಆದ ತಪ್ಪು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 2.0 ಇರುವ ವ್ಯಾಸವನ್ನು 1.8 ಎಂದು ಅಳೆದರೆ ವ್ಯಾಸದ ತಪ್ಪು 10%. ಔಟ್‌ಪುಟ್‌ನಲ್ಲಿ ಆ ತಪ್ಪು 19% ಆಗಿ ಕೂರುತ್ತದೆ.

ಇನ್ನೊಂದು ಮಾತು. ಇಜೆಕ್ಷನ್ ಫ್ರ್ಯಾಕ್ಷನ್ (ಇಎಫ್, ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ಹೋಯಿತು ಎಂಬುದು) ಬೇರೆ, ಕಾರ್ಡಿಯಾಕ್ ಔಟ್‌ಪುಟ್ ಬೇರೆ. ಈ ಗೊಂದಲ ತುಂಬಾ ಜನರಿಗಿದೆ. ಹಿಗ್ಗಿದ ಹೃದಯದಲ್ಲಿ 240 ಮಿ.ಲೀ. ತುಂಬಿಕೊಂಡು 60 ಮಿ.ಲೀ. ಹೊರಗೆ ಹೋದರೆ ಇಎಫ್ 25%. ನೀರಿನಂಶ ಕಳೆದುಕೊಂಡ ಸಣ್ಣ ಹೃದಯದಲ್ಲಿ 50 ಮಿ.ಲೀ. ತುಂಬಿ 35 ಮಿ.ಲೀ. ಹೋದರೆ ಇಎಫ್ 70%. ಇಎಫ್ ಚೆನ್ನಾಗಿದೆ ಎಂದು ಎರಡನೆಯ ರೋಗಿಯನ್ನು ಬಿಟ್ಟು ಹೋದರೆ ಅನ್ಯಾಯ ಆಗುತ್ತದೆ. ಮೈಟ್ರಲ್ ಕವಾಟ ಜೋರಾಗಿ ಸೋರುತ್ತಿದ್ದಾಗಲೂ ಹೀಗೇ. ಇಎಫ್ ನೋಡಲು ಚೆಂದ ಇರುತ್ತದೆ, ಮುಂದಕ್ಕೆ ಹೋಗುವ ರಕ್ತ ಮಾತ್ರ ಕಡಿಮೆ.

## ಬೇಕಾಗುವ ಸಾಮಾನು

ಡಾಪ್ಲರ್ ಇರುವ ಎಕೋ ಯಂತ್ರ ಮತ್ತು ಕಾರ್ಡಿಯಾಕ್ ಪ್ರೋಬ್ ಬೇಕು. ಹೊಟ್ಟೆ ನೋಡುವ ಬಾಗಿದ ಪ್ರೋಬ್ ಪಕ್ಕೆಲುಬಿನ ಸಂದಿಯಲ್ಲಿ ಕೂರುವುದಿಲ್ಲ. ಯಂತ್ರದಲ್ಲಿ ಕಾರ್ಡಿಯಾಕ್ ಪ್ರೀಸೆಟ್ ಆರಿಸಿಕೊಳ್ಳಿ. ಕೈಯಲ್ಲಿ ಹಿಡಿಯುವ ಕೆಲವು ಸಣ್ಣ ಯಂತ್ರಗಳಲ್ಲಿ ಬಣ್ಣದ ಡಾಪ್ಲರ್ ಮಾತ್ರ ಇರುತ್ತದೆ, ಒಂದೇ ಜಾಗದ ವೇಗವನ್ನು ಅಳೆಯುವ ಪಲ್ಸ್ ವೇವ್ ಡಾಪ್ಲರ್ ಇರುವುದಿಲ್ಲ. ಅಂಥದ್ದರಲ್ಲಿ ಈ ಅಳತೆ ಆಗುವುದಿಲ್ಲ.

ಯಂತ್ರದ ಸ್ವಂತ ಇಸಿಜಿ ತಂತಿಗಳನ್ನು ಹಚ್ಚಿ. ಇದನ್ನು ಬಿಡುವವರೇ ಜಾಸ್ತಿ. ಮಾನಿಟರ್‌ನಲ್ಲಿ ಬಡಿತ ಕಾಣುತ್ತಿದೆಯಲ್ಲ ಎಂದು ಬಿಟ್ಟುಬಿಡುತ್ತಾರೆ. ಹೃದಯ ಕುಗ್ಗುವ ಹೊತ್ತು ಯಾವುದು, ನೀವು ಅಳೆದ ಬಡಿತಗಳ ವೇಗ ಎಷ್ಟು, ಎರಡನ್ನೂ ಹೇಳುವುದು ಆ ತಂತಿಗಳು.

ಉಳಿದದ್ದು ಜೆಲ್, ಮಡಚಿದ ಬೆಡ್‌ಶೀಟ್ ಒಂದೆರಡು, ರೋಗಿಯ ಎತ್ತರ ಮತ್ತು ತೂಕ. ಮಲಗಿದವರ ತೂಕವನ್ನು ಅಂದಾಜಿಗೆ ಬರೆಯಬೇಡಿ. ಹಳೆಯ ಚೀಟಿ ನೋಡಿ, ಮನೆಯವರನ್ನು ಕೇಳಿ. ಎತ್ತರವನ್ನು ಟೇಪ್ ಹಿಡಿದೇ ಅಳೆಯಿರಿ.

ಯಂತ್ರ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ (ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ) ನೋಂದಣಿ ಆಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹೃದಯಕ್ಕೆ ಮಾತ್ರ ಬಳಸುತ್ತೇವೆ ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ.

## ಹಂತ 1: ರೋಗಿಯನ್ನು ಸರಿಯಾಗಿ ಮಲಗಿಸಿ

ಎಡಮಗ್ಗುಲಿಗೆ ತಿರುಗಿಸಿ, ಎಡಗೈಯನ್ನು ತಲೆ ಕಡೆಗೆ ಎತ್ತಿಸಿ. ಹೀಗೆ ಮಾಡಿದರೆ ಹೃದಯ ಎದೆಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ಸಂದಿ ಅಗಲ ಆಗುತ್ತದೆ. ಎಚ್ಚರ ಇರುವವರಿಗೆ ಹೇಳಿ ಮಾಡಿಸಿ: "ಅಜ್ಜಿ, ನಿಧಾನಕ್ಕೆ ಎಡಗಡೆ ಹೊರಳ್ಕೊಳ್ಳಿ. ಉಸಿರು ಪೂರ್ತಿ ಬಿಡಿ. ಹಾಂ, ಹಾಗೇ ಸ್ವಲ್ಪ ಹಿಡ್ಕೊಳ್ಳಿ." ಉಸಿರು ಬಿಟ್ಟಾಗ ಶ್ವಾಸಕೋಶ ದಾರಿಯಿಂದ ಸರಿಯುತ್ತದೆ, ಚಿತ್ರ ತಿಳಿಯಾಗುತ್ತದೆ. ಉಸಿರಾಡಲು ಒದ್ದಾಡುತ್ತಿರುವವರಿಗೆ ಮಾತ್ರ ಉಸಿರು ಹಿಡಿಯಲು ಹೇಳಬೇಡಿ.

ವೆಂಟಿಲೇಟರ್ ಮೇಲಿರುವವರನ್ನು ಪೂರ್ತಿ ತಿರುಗಿಸಲು ಆಗುವುದಿಲ್ಲ. ಬಲಬೆನ್ನಿನ ಕೆಳಗೆ ಮಡಚಿದ ಬೆಡ್‌ಶೀಟ್ ಇಟ್ಟು ಸ್ವಲ್ಪ ಎಡಕ್ಕೆ ವಾಲಿಸಿದರೂ ಬಹಳ ಬದಲಾವಣೆ ಕಾಣುತ್ತದೆ. ವಾಲಿಸುವಾಗ ಟ್ಯೂಬ್ ಮತ್ತು ಲೈನ್‌ಗಳನ್ನು ಒಬ್ಬರು ಹಿಡಿದುಕೊಂಡಿರಲಿ.

ಯಾವ ಭಂಗಿಯಲ್ಲಿ ಅಳೆದಿರಿ ಎಂದು ಬರೆದಿಡಿ. ಮುಂದಿನ ಸಲವೂ ಅದೇ ಭಂಗಿ ಇರಬೇಕು.

## ಹಂತ 2: ವ್ಯಾಸ ಅಳೆಯಿರಿ

ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದೇ. ಅವಸರದಲ್ಲಿ ಮುಗಿಸಿಬಿಡುವ ಹಂತವೂ ಇದೇ.

ಎದೆಮೂಳೆಯ ಎಡಕ್ಕೆ, ಮೂರನೇ ಅಥವಾ ನಾಲ್ಕನೇ ಸಂದಿಯಲ್ಲಿ ಪ್ರೋಬ್ ಇಡಿ. ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್ ಚಿತ್ರ ತೆಗೆಯಿರಿ. ಎಡ ಹೃತ್ಕುಕ್ಷಿ, ಮೈಟ್ರಲ್ ಕವಾಟ, ಅಯೋರ್ಟಿಕ್ ಕವಾಟ ಒಂದೇ ಚಿತ್ರದಲ್ಲಿ ಕಾಣಬೇಕು. ಆಮೇಲೆ ಎಲ್‌ವಿಒಟಿ ಜಾಗವನ್ನಷ್ಟೇ ಜೂಮ್ ಮಾಡಿ. ಜೂಮ್ ಇಲ್ಲದೆ ಎಳೆದ ಗೆರೆಯನ್ನು ನಾನು ನಂಬುವುದಿಲ್ಲ. ಪರದೆಯ ಮೇಲೆ ಕರ್ಸರ್ ಒಂದು ಚೂರು ಸರಿದರೂ ಮಿಲಿಮೀಟರ್ ಹೋಯಿತು.

ಚಿತ್ರ ನಿಲ್ಲಿಸಿ, ಒಂದೊಂದೇ ಫ್ರೇಮ್ ಹಿಂದೆ ಹೋಗಿ. ಅಯೋರ್ಟಿಕ್ ಕವಾಟದ ಎಲೆಗಳು ಪೂರ್ತಿ ತೆರೆದಿರುವ ಫ್ರೇಮ್ ಬೇಕು, ಅಂದರೆ ಹೃದಯ ಕುಗ್ಗುವ ಹೊತ್ತಿನ ನಡುಭಾಗ. ಎಲೆಗಳು ಮುಚ್ಚಿರುವಾಗ ಅಳೆಯಬೇಡಿ.

ಈಗ ಗೆರೆ. ಮೇಲ್ಗಡೆ ಸೆಪ್ಟಮ್‌ನ (ಎಡ-ಬಲ ಹೃತ್ಕುಕ್ಷಿಗಳ ನಡುವಿನ ಗೋಡೆ) ಒಳ ಅಂಚಿನಿಂದ ಕೆಳಗಡೆ ಮೈಟ್ರಲ್ ಕವಾಟದ ಮುಂದಿನ ಎಲೆಯ ಒಳ ಅಂಚಿನವರೆಗೆ ಎಳೆಯಿರಿ. ಕವಾಟದ ಎಲೆಗಳು ಅಂಟಿಕೊಂಡಿರುವ ಬುಡದಲ್ಲಿ ಅಥವಾ ಅದರಿಂದ 0.5 ಸೆಂ.ಮೀ. ಒಳಗೆ, ಕವಾಟಕ್ಕೆ ಸಮಾನಾಂತರವಾಗಿ. ರಕ್ತ ಹರಿಯುವ ದಿಕ್ಕಿಗೆ ಅಡ್ಡಲಾಗಿ ಇರಬೇಕು, ಓರೆಯಾಗಬಾರದು.

ಮೂರು ಬಡಿತಗಳಲ್ಲಿ ಬೇರೆ ಬೇರೆಯಾಗಿ ಅಳೆಯಿರಿ. ಪ್ರೋಬ್ ಮಧ್ಯರೇಖೆ ಬಿಟ್ಟು ಪಕ್ಕಕ್ಕೆ ಸರಿದಿದ್ದರೆ ಕೊಳವೆ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ಅಂಚು ಎರಡೂ ಕಡೆ ಸ್ಪಷ್ಟವಾಗಿರುವ ಚಿತ್ರಗಳಲ್ಲಿ ಅಗಲ ಜಾಸ್ತಿ ಬಂದಿರುವುದೇ ನಿಜಕ್ಕೆ ಹತ್ತಿರ. ಅಂಚು ಮಬ್ಬಾಗಿದ್ದು ಅಗಲ ಜಾಸ್ತಿ ಬಂದರೆ ಅದನ್ನು ಬಿಡಿ.

ಇಲ್ಲಿ ಆಗುವ ತಪ್ಪುಗಳು. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಸೆಪ್ಟಮ್‌ನ ಬುಡ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಗೆರೆ ಎಳೆದರೆ ವ್ಯಾಸ ಸಣ್ಣದಾಗಿ ಬರುತ್ತದೆ. ಉಬ್ಬು ದಾಟಿ ಕವಾಟದ ಬುಡಕ್ಕೆ ಹೋಗಿ ಅಳೆಯಿರಿ. ಗೇನ್ (ಚಿತ್ರದ ಹೊಳಪು) ಜಾಸ್ತಿ ಇಟ್ಟರೂ ಗೋಡೆ ದಪ್ಪಗೆ ಕಂಡು ವ್ಯಾಸ ಕಡಿಮೆ ಬರುತ್ತದೆ. ಕವಾಟದ ಮೇಲ್ಗಡೆ ಅಯೋರ್ಟಾ ಅಗಲವಾಗುವ ಜಾಗದಲ್ಲಿ ಅಳೆದರೆ ಉಲ್ಟಾ, ತುಂಬಾ ದೊಡ್ಡದು ಬರುತ್ತದೆ.

ಎಚ್ಚರಿಕೆಯ ಗುರುತು. ದೊಡ್ಡವರಲ್ಲಿ ಈ ವ್ಯಾಸ ಸಾಮಾನ್ಯವಾಗಿ 1.8ರಿಂದ 2.2 ಸೆಂ.ಮೀ. ಇರುತ್ತದೆ. ಐದಡಿ ಎತ್ತರದ ಹೆಂಗಸಿಗೆ 2.5, ಆರಡಿ ಗಂಡಸಿಗೆ 1.6 ಬಂದರೆ ಮುಂದಿನ ಹಂತಕ್ಕೆ ಹೋಗಬೇಡಿ. ಮತ್ತೆ ಚಿತ್ರ ತೆಗೆಯಿರಿ.

ಈ ಕೊಳವೆ ನಿಜವಾಗಿ ಪೂರ್ತಿ ದುಂಡಗಿಲ್ಲ, ಮೊಟ್ಟೆಯಾಕಾರ. ಲಾಂಗ್ ಆಕ್ಸಿಸ್‌ನಲ್ಲಿ ನಮಗೆ ಸಿಗುವುದು ಅದರ ಕಿರಿದಾದ ಅಗಲ. ಹಾಗಾಗಿ ಚೆನ್ನಾಗಿ ಅಳೆದರೂ ವಿಸ್ತೀರ್ಣ ಸ್ವಲ್ಪ ಕಡಿಮೆಯೇ ಬರುತ್ತದೆ. ಇದು ಈ ವಿಧಾನದ ಮಿತಿ. ಈ ಕಾರಣಕ್ಕೇ ಮುಂದೆ ವಿಟಿಐ ಬಗ್ಗೆ ಇಷ್ಟು ಒತ್ತಿ ಹೇಳುತ್ತೇನೆ.

ದೊಡ್ಡವರಲ್ಲಿ ವ್ಯಾಸ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಒಮ್ಮೆ ಚೆನ್ನಾಗಿ ಅಳೆದು ಕೇಸ್ ಶೀಟ್‌ನಲ್ಲಿ ಬರೆಯಿರಿ. ಮುಂದಿನ ಡ್ಯೂಟಿಯವರೂ ಅದನ್ನೇ ಬಳಸಲಿ. ಪ್ರತಿ ಶಿಫ್ಟ್‌ನಲ್ಲಿ ಹೊಸ ಗೆರೆ ಎಳೆದರೆ ಔಟ್‌ಪುಟ್ ಸುಮ್ನೆ ಕುಣಿಯುತ್ತದೆ.

## ಹಂತ 3: ಏಪಿಕಲ್ ಫೈವ್ ಚೇಂಬರ್ ಚಿತ್ರ

ಹೃದಯದ ತುದಿ ಬಡಿಯುವ ಜಾಗಕ್ಕೆ ಪ್ರೋಬ್ ಒಯ್ಯಿರಿ. ಮೊದಲು ನಾಲ್ಕು ಕೋಣೆಗಳ ಚಿತ್ರ ಹಿಡಿಯಿರಿ. ಆಮೇಲೆ ಪ್ರೋಬ್‌ನ ಬಾಲವನ್ನು ಹಾಸಿಗೆ ಕಡೆಗೆ ಸ್ವಲ್ಪ ಇಳಿಸಿ. ಅಯೋರ್ಟಾ ಮಧ್ಯದಲ್ಲಿ ತೆರೆದುಕೊಳ್ಳುತ್ತದೆ.

ಈಗ ನೋಡಬೇಕಾದದ್ದು ಕೋನ. ಡಾಪ್ಲರ್ ಗೆರೆ ರಕ್ತದ ಹರಿವಿನ ಜೊತೆ ಒಂದೇ ಸಾಲಿನಲ್ಲಿ ಇರಬೇಕು. 20 ಡಿಗ್ರಿಯವರೆಗೆ ಓರೆ ಇದ್ದರೆ 6% ಕಡಿಮೆ ಬರುತ್ತದೆ, ಸಹಿಸಬಹುದು. 30 ಡಿಗ್ರಿಗೆ 13% ಕಡಿಮೆ. ಕೋನದ ತಪ್ಪು ಯಾವಾಗಲೂ ಅಳತೆಯನ್ನು ಇಳಿಸುತ್ತದೆ, ಏರಿಸುವುದಿಲ್ಲ. ಯಂತ್ರದ ಕೋನ ಸರಿಪಡಿಸುವ ಬಟನ್ ಒತ್ತಿ ಮುಚ್ಚಿಹಾಕಬೇಡಿ. ಪ್ರೋಬ್ ಅನ್ನು ಪಕ್ಕಕ್ಕೆ ಸರಿಸಿ, ಒಂದು ಸಂದಿ ಕೆಳಗೆ ಹೋಗಿ ನೋಡಿ.

ಫೈವ್ ಚೇಂಬರ್‌ನಲ್ಲಿ ಸಾಲು ಸಿಗದಿದ್ದರೆ ಪ್ರೋಬ್ ತಿರುಗಿಸಿ ಏಪಿಕಲ್ ಲಾಂಗ್ ಆಕ್ಸಿಸ್‌ಗೆ ಹೋಗಿ. ಬಹಳ ರೋಗಿಗಳಲ್ಲಿ ಅಲ್ಲೇ ಚೆನ್ನಾಗಿ ಸಿಗುತ್ತದೆ. ಹೊಟ್ಟೆಯ ಮೇಲಿಂದ ನೋಡುವ ಸಬ್‌ಕಾಸ್ಟಲ್ ಚಿತ್ರದಲ್ಲಿ ಕೋನ ಸಾಮಾನ್ಯವಾಗಿ ಹಾಳು. ಹೃದಯ ಹೇಗೆ ಕುಗ್ಗುತ್ತಿದೆ ಎಂದು ಕಣ್ಣಳತೆಗೆ ನೋಡಲು ಅದು ಸಾಕು, ವಿಟಿಐಗೆ ಬೇಡ.

ಬಣ್ಣದ ಡಾಪ್ಲರ್ ಒಮ್ಮೆ ಹಾಕಿ ನೋಡಿ. ಎಲ್‌ವಿಒಟಿಯಲ್ಲಿ ಹರಿವು ಒಂದೇ ಬಣ್ಣದಲ್ಲಿ ತಿಳಿಯಾಗಿ ಕಾಣಬೇಕು. ಕವಾಟದ ಕೆಳಗೇ ಬಣ್ಣಗಳು ಕಲಸಿಹೋಗಿದ್ದರೆ ಅಲ್ಲಿ ಅಡ್ಡಿ ಏನೋ ಇದೆ. ಅಯೋರ್ಟಿಕ್ ಕವಾಟ ಹಿಂದಕ್ಕೆ ಸೋರುತ್ತಿದೆಯೇ ಎಂಬುದೂ ಈಗಲೇ ಗೊತ್ತಾಗುತ್ತದೆ.

## ಹಂತ 4: ಪಲ್ಸ್ ವೇವ್ ಡಾಪ್ಲರ್

ಪಲ್ಸ್ ವೇವ್ ಬಟನ್ ಒತ್ತಿ. ಕಂಟಿನ್ಯುಯಸ್ ವೇವ್ ಅಲ್ಲ. ಇವೆರಡರ ಬಟನ್ ಅಕ್ಕಪಕ್ಕ ಇರುವುದರಿಂದ ತಪ್ಪು ಸುಲಭವಾಗಿ ಆಗುತ್ತದೆ. ಕಂಟಿನ್ಯುಯಸ್ ವೇವ್ ಇಡೀ ಗೆರೆಯುದ್ದಕ್ಕೂ ಇರುವ ಅತಿ ಹೆಚ್ಚಿನ ವೇಗವನ್ನು ಎತ್ತಿಕೊಳ್ಳುತ್ತದೆ. ಕವಾಟ ಕಿರಿದಾಗಿದ್ದರೆ ವಿಟಿಐ ಹಲವು ಪಟ್ಟು ಆಗಿಬಿಡುತ್ತದೆ.

ಸ್ಯಾಂಪಲ್ ವಾಲ್ಯೂಮ್ (ಯಾವ ಜಾಗದ ವೇಗ ಅಳೆಯಬೇಕೆಂದು ತೋರಿಸುವ ಗುರುತು) ಗಾತ್ರ 3 ಮಿ.ಮೀ. ಆಸುಪಾಸಿನಲ್ಲಿ ಇಡಿ. ಮೊದಲು ಅದನ್ನು ಕವಾಟದ ಮೇಲೇ ಇಡಿ, ಆಮೇಲೆ ನಿಧಾನವಾಗಿ ಹೃದಯದ ತುದಿಯ ಕಡೆಗೆ ಎಳೆಯಿರಿ. ಕವಾಟದ ಹತ್ತಿರ ವೇಗ ತಟ್ಟನೆ ಏರಿ ಅಲೆ ಒರಟಾಗಿರುತ್ತದೆ. ಸ್ವಲ್ಪ ಕೆಳಗೆ ಬಂದಾಗ ಅಲೆ ನಯವಾಗುತ್ತದೆ, ತೆಳ್ಳಗಿನ ಅಂಚು, ಒಳಗೆ ಖಾಲಿ. ಅಲ್ಲಿ ನಿಲ್ಲಿಸಿ. ನೀವು ವ್ಯಾಸ ಅಳೆದ ಜಾಗವೂ ಇದೇ ಆಗಿರಬೇಕು. ವ್ಯಾಸ ಒಂದು ಕಡೆ, ವೇಗ ಇನ್ನೊಂದು ಕಡೆ ತೆಗೆದರೆ ಗುಣಾಕಾರಕ್ಕೆ ಅರ್ಥವಿಲ್ಲ.

ಸರಿಯಾದ ಜಾಗಕ್ಕೆ ಒಂದು ಒಳ್ಳೆಯ ಗುರುತಿದೆ. ಅಲೆಯ ಕೊನೆಯಲ್ಲಿ ಕವಾಟ ಮುಚ್ಚುವಾಗಿನ ಸಣ್ಣ ಗೀಟು ಕಾಣುತ್ತದೆ. ಶುರುವಿನಲ್ಲಿ ತೆರೆಯುವಾಗಿನ ಗೀಟು ಕಾಣುವುದಿಲ್ಲ. ಎರಡೂ ಕಂಡರೆ ಕವಾಟಕ್ಕೆ ತೀರಾ ಹತ್ತಿರ ಇದ್ದೀರಿ. ಎರಡೂ ಕಾಣದಿದ್ದರೆ ತೀರಾ ಕೆಳಗೆ ಇಳಿದಿದ್ದೀರಿ, ಅಲ್ಲಿ ವೇಗ ಕಡಿಮೆ.

ಯಂತ್ರದ ಹೊಂದಾಣಿಕೆ: ಅಲೆ ಬೇಸ್‌ಲೈನ್‌ನ ಕೆಳಗೆ ಬರುತ್ತದೆ, ಆದ್ದರಿಂದ ಬೇಸ್‌ಲೈನ್ ಅನ್ನು ಮೇಲೆ ಸರಿಸಿ. ಅಲೆ ಪರದೆಯ ಮುಕ್ಕಾಲು ಭಾಗ ತುಂಬುವ ಹಾಗೆ ಸ್ಕೇಲ್ ಇಡಿ. ಸ್ವೀಪ್ ಸ್ಪೀಡ್ ಸೆಕೆಂಡಿಗೆ 100 ಮಿ.ಮೀ. ಹಿಂಬದಿ ಕಪ್ಪಾಗುವವರೆಗೆ ಗೇನ್ ಇಳಿಸಿ.

ಎಚ್ಚರಿಕೆಯ ಗುರುತು. ಎಲ್‌ವಿಒಟಿಯ ಗರಿಷ್ಠ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 0.7ರಿಂದ 1.1 ಮೀಟರ್. ಅದು 1.5 ದಾಟಿದರೆ ನಿಂತು ಯೋಚಿಸಿ. ಅಲೆ ತಡವಾಗಿ ತುದಿ ಮುಟ್ಟಿ ಬಾಕುವಿನ ಆಕಾರದಲ್ಲಿದ್ದರೆ ಹೊರದಾರಿಯೇ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಸ್ನಾಯು ದಪ್ಪವಾಗುವ ಹೃದಯ ಕಾಯಿಲೆಯಲ್ಲಿ ಇದು ಕಾಣುತ್ತದೆ. ನೀರಿನಂಶ ಕಡಿಮೆಯಿರುವ ಸಣ್ಣ ಹೃದಯಕ್ಕೆ ಡೋಬುಟಮಿನ್ ಅಥವಾ ಅಡ್ರಿನಲಿನ್ ಕೊಟ್ಟಾಗಲೂ ಕಾಣಬಹುದು. ಅಂಥ ಅಲೆಯಿಂದ ಔಟ್‌ಪುಟ್ ಲೆಕ್ಕ ಹಾಕಬೇಡಿ. ತಕ್ಷಣ ಹಿರಿಯರಿಗೆ ತಿಳಿಸಿ, ಏಕೆಂದರೆ ಅಲ್ಲಿ ಹೃದಯಕ್ಕೆ ಜೋರು ಕೊಡುವ ಔಷಧಿಯೇ ಬಿಪಿ ಇಳಿಸುತ್ತಿರಬಹುದು.

## ಹಂತ 5: ಅಲೆಯ ಅಂಚು ಗುರುತಿಸಿ

ಅಲೆಯ ದಟ್ಟವಾದ ಹೊರ ಅಂಚಿನ ಮೇಲೆ ಕರ್ಸರ್ ಓಡಿಸಿ. ಶುರುವಿನಿಂದ ಕವಾಟ ಮುಚ್ಚುವ ಗೀಟಿನವರೆಗೆ. ಅಂಚಿನಾಚೆ ಗರಿಯಂತೆ ಮಂಕಾಗಿ ಕಾಣುವುದನ್ನು ಸೇರಿಸಬೇಡಿ. ಅದನ್ನು ಸೇರಿಸಿದರೆ ವಿಟಿಐ ಉಬ್ಬುತ್ತದೆ. ಯಂತ್ರ ತಾನೇ ಗುರುತಿಸಿದ ಗೆರೆಯನ್ನೂ ಒಮ್ಮೆ ಕಣ್ಣಿಂದ ನೋಡಿಯೇ ಒಪ್ಪಿಕೊಳ್ಳಿ.

ಬಡಿತ ಕ್ರಮವಾಗಿದ್ದರೆ ಮೂರು ಅಲೆ ಸಾಕು, ಸರಾಸರಿ ತೆಗೆಯಿರಿ. ಏಟ್ರಿಯಲ್ ಫಿಬ್ರಿಲೇಶನ್ (ಬಡಿತದ ಲಯವೇ ತಪ್ಪುವ ಕಾಯಿಲೆ) ಇದ್ದರೆ ಐದರಿಂದ ಹತ್ತು ಅಲೆ ಬೇಕು. ನಮ್ಮಲ್ಲಿ ರುಮ್ಯಾಟಿಕ್ ಹೃದಯ ಕಾಯಿಲೆಯಿಂದ ಹೀಗೆ ಬಡಿತ ತಪ್ಪಿದವರು ಇನ್ನೂ ಬರುತ್ತಿರುತ್ತಾರೆ. ಅವರಲ್ಲಿ ಚೆನ್ನಾಗಿ ಕಂಡ ದೊಡ್ಡ ಅಲೆಯೊಂದನ್ನು ಆರಿಸಿ ಅಳೆಯುವುದು ದೊಡ್ಡ ತಪ್ಪು. ಸಾಲಾಗಿ ಬಂದದ್ದನ್ನೇ ಅಳೆಯಿರಿ. ನಡುವೆ ಬಂದ ಎಕ್ಟೋಪಿಕ್ (ಅವಧಿಗೆ ಮುಂಚೆ ಬರುವ) ಬಡಿತವನ್ನೂ, ಅದರ ನಂತರದ ಬಡಿತವನ್ನೂ ಬಿಡಿ.

ವೆಂಟಿಲೇಟರ್ ಮೇಲಿದ್ದರೆ ಉಸಿರಿನ ಜೊತೆ ವಿಟಿಐ ಏರಿಳಿಯುತ್ತದೆ. ಒಂದು ಪೂರ್ತಿ ಉಸಿರಿನ ಬಡಿತಗಳನ್ನು ಸೇರಿಸಿ ಸರಾಸರಿ ಮಾಡಿ, ಅಥವಾ ಪ್ರತಿ ಸಲವೂ ಉಸಿರು ಬಿಟ್ಟ ಕೊನೆಯಲ್ಲೇ ಅಳೆಯಿರಿ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಬೆರೆಸಬೇಡಿ.

ಹೃದಯ ಬಡಿತದ ಸಂಖ್ಯೆಯನ್ನು ಈ ಅಲೆಗಳಿಂದಲೇ ತೆಗೆಯಿರಿ. ಐದು ನಿಮಿಷದ ಹಿಂದೆ ನರ್ಸ್ ಚಾರ್ಟ್‌ನಲ್ಲಿ ಬರೆದದ್ದು ಬೇಡ.

ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ, ಬಡಿತ 55ರಿಂದ 95ರ ಒಳಗಿದ್ದಾಗ, ವಿಟಿಐ ಸುಮಾರು 18ರಿಂದ 22 ಸೆಂ.ಮೀ. ಇರುತ್ತದೆ.

## ಹಂತ 6: ಲೆಕ್ಕ

ಒಂದು ಉದಾಹರಣೆ ನೋಡೋಣ. ವಾಂತಿ-ಭೇದಿಯಿಂದ ಸುಸ್ತಾಗಿ ಬಂದ ಅಜ್ಜಿ. ಎತ್ತರ 150 ಸೆಂ.ಮೀ., ತೂಕ 50 ಕೆ.ಜಿ. ವ್ಯಾಸ 1.9 ಸೆಂ.ಮೀ. ಮೂರು ವಿಟಿಐ: 13.8, 14.4, 14.1. ಬಡಿತ 104.

ವಿಸ್ತೀರ್ಣ 0.785 × 1.9 × 1.9 = 2.83 ಚದರ ಸೆಂ.ಮೀ. ವಿಟಿಐ ಸರಾಸರಿ 14.1. ಸ್ಟ್ರೋಕ್ ವಾಲ್ಯೂಮ್ 40 ಮಿ.ಲೀ. ಔಟ್‌ಪುಟ್ ನಿಮಿಷಕ್ಕೆ ಸುಮಾರು 4.2 ಲೀಟರ್.

ಮೈಯ ಗಾತ್ರಕ್ಕೆ ಹೊಂದಿಸಲು ಮೈ ಹೊರಮೈಯ ವಿಸ್ತೀರ್ಣ ಬೇಕು. ಎತ್ತರವನ್ನೂ ತೂಕವನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅಜ್ಜಿಗೆ 1.44 ಚದರ ಮೀಟರ್. ಕಾರ್ಡಿಯಾಕ್ ಇಂಡೆಕ್ಸ್ 4.2 ÷ 1.44 = 2.9.

ಸಾಮಾನ್ಯವಾಗಿ ಔಟ್‌ಪುಟ್ 4ರಿಂದ 8, ಇಂಡೆಕ್ಸ್ 2.5ರಿಂದ 4 ಇರುತ್ತದೆ. ಹಾಗಾದರೆ ಅಜ್ಜಿ ಚೆನ್ನಾಗಿದ್ದಾರಾ? ಇಲ್ಲ. ಸ್ಟ್ರೋಕ್ ವಾಲ್ಯೂಮ್ ಅನ್ನು 1.44ರಿಂದ ಭಾಗಿಸಿ ನೋಡಿ, ಚದರ ಮೀಟರಿಗೆ 28 ಮಿ.ಲೀ. ಬರುತ್ತದೆ. ಅದು 35ಕ್ಕಿಂತ ಕಡಿಮೆ ಇದ್ದರೆ ಹರಿವು ಕಡಿಮೆ ಎಂದೇ ಲೆಕ್ಕ. ಒಂದೊಂದು ಬಡಿತಕ್ಕೆ ಹೋಗುವ ರಕ್ತ ಕಡಿಮೆಯಾಗಿದೆ, ಹೃದಯ ಓಡಿ ಓಡಿ ಔಟ್‌ಪುಟ್ ಹಿಡಿದಿಟ್ಟಿದೆ. ಡ್ರಿಪ್ ಕೊಟ್ಟ ಮೇಲೆ ವಿಟಿಐ 18 ಆಗಿ, ಬಡಿತ 84ಕ್ಕೆ ಇಳಿದರೆ ಔಟ್‌ಪುಟ್ 4.3. ಹೆಚ್ಚುಕಡಿಮೆ ಮುಂಚಿನದ್ದೇ! ಔಟ್‌ಪುಟ್ ಮಾತ್ರ ನೋಡುವವರು ಚಿಕಿತ್ಸೆ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಸ್ಟ್ರೋಕ್ ವಾಲ್ಯೂಮ್ ಮಾತ್ರ 40ರಿಂದ 51ಕ್ಕೆ ಏರಿದೆ.

ಆದ್ದರಿಂದ ರಿಪೋರ್ಟ್‌ನಲ್ಲಿ ಔಟ್‌ಪುಟ್ ಒಂದನ್ನೇ ಬರೆಯುವ ಅಭ್ಯಾಸ ಬಿಡಬೇಕು. ವ್ಯಾಸ, ವಿಟಿಐ, ಬಡಿತ, ಸ್ಟ್ರೋಕ್ ವಾಲ್ಯೂಮ್ ಬಿಡಿಬಿಡಿಯಾಗಿ ಬರೆಯಿರಿ. ಜೊತೆಗೆ ಆ ಹೊತ್ತಿನ ಬಿಪಿ, ಬಡಿತದ ಲಯ, ಭಂಗಿ, ನಾರ್‌ಅಡ್ರಿನಲಿನ್ (ರಕ್ತನಾಳ ಬಿಗಿದು ಬಿಪಿ ಏರಿಸುವ ಔಷಧಿ) ಅಥವಾ ಡೋಬುಟಮಿನ್ ಪ್ರಮಾಣ, ವೆಂಟಿಲೇಟರ್ ಇದ್ದರೆ ಪೀಪ್ (ಉಸಿರು ಬಿಟ್ಟ ಕೊನೆಯಲ್ಲಿ ಯಂತ್ರ ಉಳಿಸುವ ಒತ್ತಡ), ಸಮಯ. ಇಷ್ಟಿದ್ದರೆ ನಾಳೆ ಬಂದವರು ಹೋಲಿಸಬಹುದು.

## ಹಂತ 7: ಬದಲಾವಣೆಯನ್ನು ಅಳೆಯಿರಿ

ಒಂದೇ ಸಲದ ಅಳತೆಗಿಂತ ಎರಡು ಅಳತೆಗಳ ನಡುವಿನ ಬದಲಾವಣೆ ಹೆಚ್ಚು ಹೇಳುತ್ತದೆ. ವ್ಯಾಸದಲ್ಲಿ ತಪ್ಪಿದ್ದರೂ ಎರಡೂ ಸಲ ಅದೇ ತಪ್ಪು ಇರುವುದರಿಂದ ಹೋಲಿಕೆ ಕೆಡುವುದಿಲ್ಲ. ವಿಟಿಐ ಅನ್ನೇ ಹೋಲಿಸಿ. ಆದರೆ 10%ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಬದಲಾವಣೆ ಎನ್ನಬೇಡಿ. ಅಷ್ಟು ಏರುಪೇರು ಕೈಯಿಂದಲೇ ಆಗುತ್ತದೆ.

ಡ್ರಿಪ್ ಕೊಟ್ಟರೆ ಪ್ರಯೋಜನವಾಗುತ್ತದಾ ಎಂದು ತಿಳಿಯಲು ಕಾಲು ಎತ್ತುವ ಪರೀಕ್ಷೆ ಇದೆ. ಶಾಕ್‌ನಲ್ಲಿರುವವರಿಗೆ ಬಾಟಲಿ ಮೇಲೆ ಬಾಟಲಿ ಹಾಕುವ ಮುಂಚೆ, ಡೆಂಗಿ ಕಾಲದಲ್ಲಂತೂ, ಇದನ್ನು ಮಾಡಿ ನೋಡುವುದು ಒಳ್ಳೆಯದು. ಕ್ರಮ ಹೀಗೆ:

1. ತಲೆಭಾಗ 45 ಡಿಗ್ರಿ ಎತ್ತಿ, ರೋಗಿ ಒರಗಿ ಕೂತಂತೆ ಇರಲಿ. ವಿಟಿಐ ಅಳೆಯಿರಿ.
2. ಹಾಸಿಗೆಯ ಗುಂಡಿ ಬಳಸಿ ತಲೆಭಾಗ ಸಮತಟ್ಟು ಮಾಡಿ, ಕಾಲುಭಾಗ 45 ಡಿಗ್ರಿ ಎತ್ತಿ. ಕಾಲನ್ನು ಕೈಯಲ್ಲಿ ಎತ್ತಬೇಡಿ. ನೋವಾದರೆ, ಗಾಬರಿಯಾದರೆ ಬಡಿತ ಏರಿ ಅಳತೆ ಕೆಡುತ್ತದೆ.
3. ಒಂದು ನಿಮಿಷದೊಳಗೆ ಮತ್ತೆ ವಿಟಿಐ ಅಳೆಯಿರಿ. ತಡಮಾಡಿದರೆ ಪರಿಣಾಮ ಇಳಿದುಹೋಗುತ್ತದೆ.
4. ಮೊದಲಿನ ಭಂಗಿಗೆ ತಂದು ಮತ್ತೊಮ್ಮೆ ಅಳೆಯಿರಿ. ವಿಟಿಐ ಹಳೆಯ ಮಟ್ಟಕ್ಕೆ ಮರಳಬೇಕು. ಮರಳದಿದ್ದರೆ ನಡುವೆ ಬೇರೇನೋ ಬದಲಾಗಿದೆ, ಫಲಿತಾಂಶ ಬಿಡಿ.

ವಿಟಿಐ 10-12% ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಡ್ರಿಪ್‌ಗೆ ಹೃದಯ ಸ್ಪಂದಿಸುತ್ತದೆ ಎಂದರ್ಥ. ಆ ಅಜ್ಜಿಗೆ 14.1ರಿಂದ 17.2 ಆಗಿದ್ದರೆ 22% ಏರಿಕೆ. ಸ್ಪಂದಿಸುತ್ತದೆ ಎಂದ ಮಾತ್ರಕ್ಕೆ ಕೊಡಲೇಬೇಕು ಎಂದಲ್ಲ, ಇದನ್ನು ಮರೆಯಬೇಡಿ. ಆರೋಗ್ಯವಂತರ ಹೃದಯವೂ ಸ್ಪಂದಿಸುತ್ತದೆ. ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂಬ ಗುರುತೂ ಇರಬೇಕು.

ತಲೆಯೊಳಗೆ ಒತ್ತಡ ಜಾಸ್ತಿ ಇರುವವರಿಗೆ, ಕಾಲು ಅಥವಾ ಸೊಂಟದ ಮೂಳೆ ಮುರಿದವರಿಗೆ ಈ ಪರೀಕ್ಷೆ ಮಾಡಬೇಡಿ. ಹೊಟ್ಟೆ ಬಿಗಿದು ಒಳಗಿನ ಒತ್ತಡ ಏರಿದ್ದರೆ ಫಲಿತಾಂಶ ನಂಬುವಂತಿಲ್ಲ.

## ಹಂತ 8: ಸಂಖ್ಯೆಯನ್ನು ರೋಗಿಯ ಪಕ್ಕ ಇಟ್ಟು ನೋಡಿ

ಕೈಕಾಲು ಮುಟ್ಟಿ. ತಣ್ಣಗಿವೆಯೇ? ಬೆರಳ ತುದಿ ಒತ್ತಿ ಬಿಟ್ಟರೆ ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿದೆಯೇ? ಮೂತ್ರ ಗಂಟೆಗೆ ಕೆ.ಜಿ.ಗೆ 0.5 ಮಿ.ಲೀ.ಗಿಂತ ಕಡಿಮೆಯೇ? ಲ್ಯಾಕ್ಟೇಟ್ (ಅಂಗಾಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಏರುತ್ತಿದೆಯೇ? ಇಷ್ಟೆಲ್ಲ ಇದ್ದು ಔಟ್‌ಪುಟ್ 6 ಬಂದರೆ ಮೊದಲು ನಿಮ್ಮ ಅಳತೆಯನ್ನು ಅನುಮಾನಿಸಿ. ಉಲ್ಟಾ, ರೋಗಿ ಬೆಚ್ಚಗೆ ಕೂತು ಮಾತಾಡುತ್ತಿದ್ದು ಇಂಡೆಕ್ಸ್ 1.5 ಬಂದರೂ ಅದೇ ಮಾತು.

ಸೋಂಕಿನ ಶಾಕ್‌ನಲ್ಲಿ ಔಟ್‌ಪುಟ್ ನಿಜಕ್ಕೂ ಹೆಚ್ಚಿದ್ದು ಬಿಪಿ ಬಿದ್ದಿರಬಹುದು. ಅಲ್ಲಿ ರಕ್ತನಾಳಗಳು ಸಡಿಲವಾಗಿವೆ. ಅದನ್ನು ಅಳತೆಯ ತಪ್ಪು ಎಂದು ತಿದ್ದಲು ಹೋಗಬೇಡಿ.

## ಈ ವಿಧಾನ ಯಾರಿಗೆ ಒಗ್ಗುವುದಿಲ್ಲ?

ಅಯೋರ್ಟಿಕ್ ಕವಾಟ ಜೋರಾಗಿ ಹಿಂದಕ್ಕೆ ಸೋರುತ್ತಿದ್ದರೆ, ಹೊರಗೆ ಹೋದ ರಕ್ತದಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಎಲ್‌ವಿಒಟಿ ಅಳತೆ ಎರಡನ್ನೂ ಸೇರಿಸಿ ಹೇಳುತ್ತದೆ. ದೇಹಕ್ಕೆ ನಿಜವಾಗಿ ಸಿಕ್ಕಿದ್ದು ಅದಕ್ಕಿಂತ ಕಡಿಮೆ.

ಅಯೋರ್ಟಿಕ್ ಕವಾಟ ಕಿರಿದಾಗಿದ್ದರೆ ಅಳೆಯಬಹುದು. ಆದರೆ ಕವಾಟಕ್ಕೆ ಮುಂಚೆಯೇ ವೇಗ ಏರಲು ಶುರುವಾಗುತ್ತದೆ. ಸ್ಯಾಂಪಲ್ ವಾಲ್ಯೂಮ್ ಅನ್ನು 0.5ರಿಂದ 1 ಸೆಂ.ಮೀ. ತುದಿಯ ಕಡೆ ಇಳಿಸಬೇಕಾಗುತ್ತದೆ. ಎಲ್‌ವಿಒಟಿಯಲ್ಲೇ ಅಡ್ಡಿ ಇದ್ದರೆ, ಮೇಲೆ ಹೇಳಿದಂತೆ, ಬೇಡ.

ಎಂಫಿಸಿಮಾ (ಶ್ವಾಸಕೋಶ ಹಿಗ್ಗುವ ಕಾಯಿಲೆ) ಇರುವವರಲ್ಲಿ, ಎದೆಗೆ ಬ್ಯಾಂಡೇಜ್ ಇರುವವರಲ್ಲಿ ಕೆಲವೊಮ್ಮೆ ಕಿಟಕಿಯೇ ಸಿಗುವುದಿಲ್ಲ. ಚಿತ್ರ ಸಿಗಲಿಲ್ಲ ಎಂದು ಬರೆಯಿರಿ. ಏನೋ ಒಂದು ಸಂಖ್ಯೆ ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ.

## ಎಕೋ ಆಗದಿದ್ದಾಗ: ಥರ್ಮೋಡೈಲ್ಯೂಶನ್

ಪಲ್ಮನರಿ ಆರ್ಟರಿ ಕ್ಯಾಥೆಟರ್ (ಬಲ ಹೃದಯದ ಮೂಲಕ ಶ್ವಾಸಕೋಶದ ರಕ್ತನಾಳಕ್ಕೆ ಹಾಕಿದ ನಳಿಕೆ) ಈಗಾಗಲೇ ಇರುವ ರೋಗಿಗೆ ಇದು ಒಳ್ಳೆಯ ದಾರಿ. ಬಲ ಹೃದಯಕ್ಕೆ ತಣ್ಣಗಿನ ದ್ರವ ಬಿಟ್ಟು, ಮುಂದೆ ರಕ್ತ ಎಷ್ಟು ತಂಪಾಯಿತು, ಎಷ್ಟು ಬೇಗ ಮತ್ತೆ ಬೆಚ್ಚಗಾಯಿತು ಎಂದು ಅಳೆಯುತ್ತಾರೆ. ತಂಪು ಬೇಗ ಕೊಚ್ಚಿಹೋದರೆ ಔಟ್‌ಪುಟ್ ಜಾಸ್ತಿ.

ಮೊದಲು ತಣ್ಣನೆ ದ್ರವ ತಳ್ಳುವ ಪ್ರಾಕ್ಸಿಮಲ್ ಪೋರ್ಟ್‌ನಲ್ಲಿ ಯಾವ ಔಷಧಿ ಹರಿಯುತ್ತಿದೆ ನೋಡಿ. ನಾರ್‌ಅಡ್ರಿನಲಿನ್ ಅಲ್ಲೇ ಇದ್ದರೆ, ನೀವು ತಳ್ಳುವ ದ್ರವ ಲೈನ್‌ನಲ್ಲಿರುವ ಔಷಧಿಯನ್ನೆಲ್ಲ ಒಂದೇ ಸಲಕ್ಕೆ ಒಳಗೆ ನೂಕುತ್ತದೆ. ಬಿಪಿ ಚಿಮ್ಮಿಬಿಡಬಹುದು. ಮುಂಚೆಯೇ ಔಷಧಿಯನ್ನು ಬೇರೆ ಲೈನ್‌ಗೆ ಬದಲಿಸಿಕೊಳ್ಳಿ. ಬೇರೆ ಕಡೆ ಜೋರಾಗಿ ಓಡುತ್ತಿರುವ ಡ್ರಿಪ್ ಇದ್ದರೆ ಅಳೆಯುವಷ್ಟು ಹೊತ್ತು ನಿಲ್ಲಿಸಿ, ಅದೂ ರಕ್ತದ ಉಷ್ಣತೆ ಬದಲಿಸುತ್ತದೆ.

ಆಮೇಲೆ ಮಾನಿಟರ್‌ನಲ್ಲಿ ಕಂಪ್ಯುಟೇಶನ್ ಕಾನ್‌ಸ್ಟೆಂಟ್ ಹೊಂದಿಸಿ. ಕ್ಯಾಥೆಟರ್ ಮಾದರಿ, ದ್ರವದ ಪ್ರಮಾಣ, ಅದರ ಉಷ್ಣತೆ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಕ್ಯಾಥೆಟರ್ ಪ್ಯಾಕೆಟ್‌ನಲ್ಲಿ ಕೊಟ್ಟಿರುತ್ತಾರೆ. ಪ್ಯಾಕೆಟ್ ಎಸೆಯುವ ಮುಂಚೆ ಬರೆದಿಟ್ಟುಕೊಳ್ಳಿ.

ಸರಿಯಾಗಿ 10 ಮಿ.ಲೀ. ತುಂಬಿ. ಉಸಿರು ಬಿಟ್ಟ ಕೊನೆಯಲ್ಲಿ, 4 ಸೆಕೆಂಡಿನೊಳಗೆ, ಒಂದೇ ಸಮನೆ ತಳ್ಳಿ. ಸಿರಿಂಜ್‌ನಲ್ಲಿ 9 ಮಿ.ಲೀ. ಮಾತ್ರ ಇದ್ದರೆ ತಂಪು ಕಡಿಮೆಯಾಗಿ, ಔಟ್‌ಪುಟ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಪರದೆಯ ಮೇಲಿನ ಗೆರೆ ಬೇಗ ಏರಿ, ನಯವಾಗಿ ಇಳಿಯಬೇಕು. ಎರಡು ತಲೆಯಾಗಿದ್ದರೆ, ತುಂಡಾಗಿದ್ದರೆ ಆ ಅಳತೆ ಎಸೆಯಿರಿ. ಪರಸ್ಪರ 10% ಒಳಗಿರುವ ಮೂರು ಅಳತೆ ಸಿಗುವವರೆಗೆ ಮಾಡಿ, ಸರಾಸರಿ ಬರೆಯಿರಿ.

ಟ್ರೈಕಸ್ಪಿಡ್ ಕವಾಟ ಜೋರಾಗಿ ಸೋರುತ್ತಿದ್ದರೆ, ಹೃದಯದ ಒಳಗೋಡೆಯಲ್ಲಿ ರಂಧ್ರ ಇದ್ದರೆ ಈ ವಿಧಾನ ನಂಬಬೇಡಿ. ಔಟ್‌ಪುಟ್ ತೀರಾ ಕಡಿಮೆ ಇರುವವರಲ್ಲೂ ಎಚ್ಚರ ಬೇಕು. ದ್ರವ ನಿಧಾನವಾಗಿ ಸಾಗುವಾಗ ಸುತ್ತಲಿನ ಬಿಸಿಗೆ ತಂಪು ಆರಿಹೋಗುತ್ತದೆ. ಆಗ ರೋಗಿ ಇರುವುದಕ್ಕಿಂತ ಚೆನ್ನಾಗಿದ್ದಾರೆ ಎಂದು ಯಂತ್ರ ತೋರಿಸುತ್ತದೆ.

ಆರ್ಟೀರಿಯಲ್ ಲೈನ್ ಅಲೆಯಿಂದಲೇ ಔಟ್‌ಪುಟ್ ಹೇಳುವ ಮಾನಿಟರ್‌ಗಳೂ ಇವೆ. ಗಂಟೆ ಗಂಟೆಯ ಏರಿಳಿತ ನೋಡಲು ಅನುಕೂಲ. ಆದರೆ ನಾರ್‌ಅಡ್ರಿನಲಿನ್ ಪ್ರಮಾಣ ಬದಲಿಸಿದರೆ ರಕ್ತನಾಳದ ಬಿಗಿ ಬದಲಾಗಿ, ಅದರ ಲೆಕ್ಕ ದಾರಿ ತಪ್ಪಬಹುದು. ಡೋಸ್ ದೊಡ್ಡದಾಗಿ ಬದಲಿಸಿದ ಪ್ರತಿ ಸಲವೂ ಎಕೋ ಪ್ರೋಬ್ ಇಟ್ಟು ವಿಟಿಐ ಒಮ್ಮೆ ನೋಡಿ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದರೆ ಮಾನಿಟರ್ ಅನ್ನು ಮತ್ತೆ ಹೊಂದಿಸಿ. ಅಲ್ಲಿಯವರೆಗೆ ಅದರ ಸಂಖ್ಯೆ ಮೇಲೆ ಔಷಧಿ ಬದಲಿಸಬೇಡಿ.